ಒಂದು ದಿನದ ದವಾಖಾನೆ

ಕಲಬುರ್ಗಿ, ಜಗತ್ ಹತ್ತಿರ
೧೨ ನವೆಂಬರ್ ೧೯೫೨, ಬುಧವಾರ

ಕಮಲಾಪುರದ ಬಾಳೆತೋಟದಲ್ಲಿರುವ ನನ್ನ ಮಗಳಂಥ ಬಂಡೆಮ್ಮಗೆ,

ನಿನ್ನ ದತ್ತು ಕಾಕಾನ ಆಶೀರ್ವಾದ. ಇದನ್ನು ಈಗಲೇ ಸೆರಗಿಗೆ ಕಟ್ಟಿಕೊಳ್ಳಬೇಡ. ಮೊದಲು ಕಾಗದ ಪೂರ್ತಿ ಕೇಳು. ಆಮೇಲೂ ಬೇಕೆನಿಸಿದರೆ ಇಟ್ಟುಕೋ, ಇಲ್ಲವಾದರೆ ಬಾಳೆಯ ಬುಡಕ್ಕೆ ಗೊಬ್ಬರ ಮಾಡು.

ನೀಲಕಂಠ ಮಾಸ್ತರರೇ, ನಿಮಗೊಂದು ಮಾತು. ಬಂಡೆಮ್ಮಗೆ ಓದು ಬಾರದು, ಅವಳಿಗೆ ಬಂದ ಕಾಗದ ಓದಿ ಹೇಳುವವರು ನೀವೇ. ನೀವು ಒಳ್ಳೆಯವರು, ಕಹಿ ಬಂದ ಕಡೆ ಕೆಮ್ಮಿ ಎರಡು ಸಾಲು ದಾಟಿಸಿಬಿಡುತ್ತೀರಿ. ಈ ಸಲ ದಾಟಿಸಬೇಡಿ. ಅವಳ ಅತ್ತೆ ಹಣಮಮ್ಮನನ್ನೂ ಎದುರಿಗೆ ಕೂಡಿಸಿಕೊಳ್ಳಿ. ಆಕೆಗೆ ಕಿವಿ ಮಂದ, ಗಂಟಲು ಎತ್ತರಿಸಿ ಓದಿ. ಹೊರಗೆ ನಾಲ್ಕು ಮಂದಿ ನಿಂತು ಕೇಳಿದರೆ ಕೇಳಲಿ. ಕೇಳಲೆಂದೇ ಬರೆಯುತ್ತಿದ್ದೇನೆ.

ಬಂಡೆಮ್ಮ, ಹೋದ ಸೋಮವಾರ ನಿಮ್ಮ ತೋಟಕ್ಕೆ ಬಂದಿದ್ದೆನಲ್ಲ. ಎಂಟು ತಿಂಗಳ ಬಸುರಿ, ಆದರೂ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದೆ. ಹೆರಿಗೆ ಆದ ಹನ್ನೆರಡನೇ ದಿನವೇ ಕೂಸನ್ನು ಹುಮನಾಬಾದಿನ ನಾದಿನಿ ಭಾಗಮ್ಮನ ಉಡಿಗೆ ಹಾಕಿಬಿಡುತ್ತೇನೆ ಎಂದೆ. ಯಾಕೆಂದು ಕೇಳಿದ್ದಕ್ಕೆ ನೀನು ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ.

"ಕಾಕಾ, ನಾ ನಿದ್ದಿ ಮಾಡಿದಾಕಿ. ಮೂರನೇ ಗುಟುಕು ತಪ್ಪಿಸಿ ಮಗನ್ನ ಕಳಕೊಂಡಾಕಿ. ನನ್ನ ಕೈಯಾಗ ಇನ್ನೊಂದು ಕೂಸು ಉಳೀತದೇನು?"

ಒಳಗಿನಿಂದ ನಿನ್ನತ್ತೆಯ ದನಿ ಬಂತು: "ಖರೇ ಹೇಳ್ತಾಳ ಬಿಡ್ರಿ ದತ್ತಪ್ಪ. ಅಂಥಾ ದವಾ ಪುಕಟ ಕೊಟ್ಟಿದ್ರು. ಈಕಿ ಗೊರಕಿ ಹೊಡದ್ಳು."

ಆಗ ನಾನು ಏನು ಮಾಡಿದೆ? ಅರವತ್ತೈದು ವರ್ಷ ಏನು ಮಾಡುತ್ತ ಬಂದಿದ್ದೇನೋ ಅದನ್ನೇ ಮಾಡಿದೆ. "ನಿದ್ದಿ ಮಾಡಿದವರೆಲ್ಲ ಪಾಪಿಗಳಾದ್ರ ನಮ್ಮ ತಹಸೀಲ ಕಚೇರಿ ಪೂರಾ ನರಕಕ್ಕ ಹೋಗಬೇಕಾಗ್ತದ ತಂಗಿ" ಎಂದೆ. ನೀನು ನಕ್ಕೆ. ಹಣಮಮ್ಮನೂ ನಕ್ಕಳು. ನಾನು ಧೋತರ ಕೊಡವಿಕೊಂಡು ಬಸ್ಸು ಹಿಡಿದೆ. ಕಲಬುರ್ಗಿ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ, ಪಕ್ಕದವರು ನೋಡಬಾರದೆಂದು.

ಈಗ ಹೇಳುತ್ತೇನೆ. ಅಂದು ಕಂಪನಿಯ ದವಾಖಾನೆಯಲ್ಲಿ ನಿನಗೆ ಕೊಟ್ಟ ಸೀಸೆಯಲ್ಲಿ ದವಾ ಇರಲಿಲ್ಲ. ಬೆಲ್ಲದ ನೀರಿಗೆ ನನ್ನ ಎಲೆಡಬ್ಬಿಯ ಕಾಚು ಕಲಸಿದ್ದೆ, ಬಣ್ಣ ಬರಲಿ ಎಂದು. ಕಲಸಿದವನೂ ನಾನು, ಕೊಟ್ಟವನೂ ನಾನು. ಮೂರನೇ ಗುಟುಕು ಕೊಟ್ಟಿದ್ದರೂ ಅಷ್ಟೇ, ಮೂವತ್ತು ಕೊಟ್ಟಿದ್ದರೂ ಅಷ್ಟೇ. ನಿನ್ನ ನಿದ್ದೆ ನಿನ್ನ ಮಗನನ್ನು ಕೊಲ್ಲಲಿಲ್ಲ.

ಮಾಸ್ತರರೇ, ಈ ಸಾಲನ್ನು ಹಣಮಮ್ಮನಿಗಾಗಿ ಇನ್ನೊಮ್ಮೆ ಓದಿ.

ಅಷ್ಟು ದೊಡ್ಡ ಕಂಪನಿಗೆ ಸುಳ್ಳು ದವಾಖಾನೆ ಯಾಕೆ ಬೇಕಾಯಿತೆಂದು ನೀನು ಕೇಳಬಹುದು. ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಕಾಲ ಮುಗಿಯಿತು, ದಿಲ್ಲಿಯ ಕಾನೂನು ಬಂತು, ಅದರ ಬಾಲ ಹಿಡಿದು, ಗಳಿಕೆಯ ಮೇಲೆ ಹಾಕುವ ದಿಲ್ಲಿಯ ಆಯಕರವೂ ಬಂತು. ನಾನು ಮುನೀಮನಾಗಿದ್ದ ಹಣಮಂತರಾಯರ ಎಣ್ಣೆ ಮತ್ತು ಜಿನ್ನಿಂಗ್ ಕಂಪನಿ ಆ ವರ್ಷ ಶೇಂಗಾದಲ್ಲೂ ಹತ್ತಿಯಲ್ಲೂ ಭರ್ತಿ ಲಾಭ ಮಾಡಿತ್ತು. ನಿಜಾಮರ ಹಾಲಿ ಸಿಕ್ಕಾ ರೂಪಾಯಿಯಲ್ಲಿ ಎರಡು ಲಕ್ಷದ ಮೇಲೆ. ಅವರ ಬೆನ್ನ ಹಿಂದೆ ನಾನು ಅವರನ್ನು ಹಣವಂತರಾಯ ಎಂದೇ ಕರೆಯುತ್ತಿದ್ದೆ, ಎದುರಿಗೆ ಮಾತ್ರ ನಾಲಗೆಗೆ ಕೈ ಮುಗಿಸುತ್ತಿದ್ದೆ.

ಕರ ಕಟ್ಟುವ ಹೊತ್ತಿಗೆ ಅವರ ವಕೀಲ ಎಲ್ಲಿಂದಲೋ ಒಂದು ರಿಯಾಯಿತಿ ಹುಡುಕಿ ತಂದ. ಕಂಪನಿ ತನ್ನ ಕೂಲಿಗಳಿಗಾಗಿ ಹಳ್ಳಿಯಲ್ಲಿ ದವಾಖಾನೆ ನಡೆಸಿದರೆ, ಅದಕ್ಕೆ ಹಾಕಿದ ಪ್ರತಿ ರೂಪಾಯಿಗೂ ಕರದಲ್ಲೇ ಒಂದು ರೂಪಾಯಿ ಮಾಫಿಯಂತೆ. ದವಾಖಾನೆ ಇರಲಿಲ್ಲ, ಖರ್ಚು ಇರಲಿಲ್ಲ. ಎರಡನ್ನೂ ಕಾಗದದ ಮೇಲೆ ಹುಟ್ಟಿಸುವ ಕೆಲಸ ನನ್ನದಾಯಿತು.

ಸಾಹುಕಾರರ ಕೋಣೆಯಲ್ಲಿ ಈ ಮಾತು ನಡೆದಾಗ ಎಣ್ಣೆ ಗಿರಣಿಯ ಇಂಜಿನ್ ನಡೆಸುವ ಕರೀಂಸಾಬ್ ಅಲ್ಲೇ ಇದ್ದ, ಇಂಜಿನ್ನಿಗೆ ಯಾವುದೋ ಬೆಲ್ಟಿನ ಪಟ್ಟಾ ತರಿಸುವ ಕೆಲಸಕ್ಕೆ ಬಂದಿದ್ದ. ಸುಮ್ಮನಿರದೆ ಕೇಳಿಯೇಬಿಟ್ಟ: "ಸಾವಕಾರ್ರೆ, ನಾ ಬೀಡಿ ಸೇದಿದ್ರ ಕರ, ಕಡ್ಡಿ ಗೀರಿದ್ರ ಕರ. ಎರಡು ಲಕ್ಷ ಗಳಿಸಿದ ಕಂಪನಿಗಿ ಯಾಕಿಲ್ಲರಿ?"

ಹಣಮಂತರಾಯರು ಸಿಟ್ಟಾಗಲಿಲ್ಲ. "ಕರೀಂಸಾಬ್, ಕಂಪನಿ ಅಂದ್ರ ಎಮ್ಮಿ. ಹಾಲೆಲ್ಲ ಹಿಂಡಿ ಸರ್ಕಾರಕ್ಕ ಕೊಟ್ರ ಕರುವಿಗಿ ಏನುಳೀತದ? ಆ ಕರು ನೀವ ಅಲ್ಲೇನು?" ಎಂದರು.

"ಕರುವಿನ ಬಾಯಿಗಿ ಬುಟ್ಟಿ ಕಟ್ಟೀರಲ್ಲರಿ" ಎಂದ ಕರೀಂಸಾಬ್.

ಆ ಮಾತನ್ನು ಒಂದು ಗಳಿಗೆ ಹಾಗೇ ಬಿಟ್ಟಿದ್ದರೆ ಸಾಹುಕಾರರು ಏನಾದರೂ ಉತ್ತರ ಕೊಡಲೇಬೇಕಿತ್ತು. ನಾನು ಬಿಡಲಿಲ್ಲ. "ಆಯಕರ ಅಂಬೋದು ಅಪಾಯಕರ, ಅದಕ್ಕ ಮಾಡೂಣು ಒಂದು ಉಪಾಯಕರ" ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕರೀಂಸಾಬ್ ಮಾತ್ರ ನಗದೆ ಎದ್ದು ಹೋದ. ನ್ಯಾಯದ ಮಾತೊಂದನ್ನು ಮುಳುಗಿಸಲು ಬಾವಿ ಬೇಕಿಲ್ಲ ಬಂಡೆಮ್ಮ, ಬೊಗಸೆ ನಗೆ ಸಾಕು.

ನಾನು ಎಂಥವನೆಂದು ಊರಿಗೆ ಗೊತ್ತು. ಹುಮನಾಬಾದ ರಸ್ತೆಯ ಮೈಲುಗಲ್ಲಿಗೆ ರುಮಾಲು ಸುತ್ತಿ, ಹೊಸ ಸರ್ಕಾರದ ಸಾಹೇಬರು ಕೂತಿದ್ದಾರೆಂದು ನಸುಕಿನಲ್ಲಿ ಅರ್ಧ ಊರಿನಿಂದ ಮುಜರೆ ಹೊಡೆಸಿದವನು. ಈ ದವಾಖಾನೆಯೂ ನನಗೆ ಅಂಥದೇ ಒಂದು ಆಟವಾಗಿ ಕಂಡಿತು. ದವಾಖಾನೆಯಲ್ಲ, ಹವಾಖಾನೆ ಎಂದು ಹೇಳಿಕೊಂಡು ಹುರುಪಿನಿಂದ ಓಡಾಡಿದೆ.

ಕಮಲಾಪುರದಲ್ಲಿ ಕಂಪನಿಯವರು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಗೋದಾಮಿಗೆ ಸುಣ್ಣ ಬಳಿಸಿದೆ. ಹತ್ತು ಮಂಚ ಬಂದವು. ನಿಮ್ಮ ಊರಿನವರಿದ್ದರೆ ಬಾಯಿ ಬಿಡುತ್ತಾರೆಂದು, ಎಣ್ಣೆ ಗಿರಣಿಯ ಕೂಲಿಗಳನ್ನೇ ಕಲಬುರ್ಗಿಯಿಂದ ಲಾರಿಯಲ್ಲಿ ತುಂಬಿಸಿ ತಂದೆ. ಗಟ್ಟಿಮುಟ್ಟಾದ ಗಂಡಸರಿಗೆ ಪಟ್ಟಿ ಕಟ್ಟಿ ನರಳಲು ಕಲಿಸಿದೆ. ನಾಟಕದಲ್ಲಿ ರಾಜನ ಪಾರ್ಟು ಮಾಡುವ ಜಹಾಂಗೀರ್ ಎಂಬವನು ಡಾಕ್ಟರ್ ಆದ. ಅವನ ಕೊರಳಿಗೆ ಸೈಕಲ್ ಟ್ಯೂಬಿಗೆ ಲಾಳಿಕೆ ಸಿಕ್ಕಿಸಿ ತೂಗಹಾಕಿದೆ. ಗಾಜಿಲ್ಲದ ಚಸ್ಮಾ ಹಾಕಿಕೊಂಡು ಅವನು ಮಂಚದಿಂದ ಮಂಚಕ್ಕೆ ನಡೆಯುವ ಗತ್ತಿಗೆ ರೋಗಿಗಳೇ ನಗುತ್ತಿದ್ದರು. ನಕ್ಕವರ ಅರ್ಧ ದಿನದ ಕೂಲಿ ಕಡಿತ ಎಂದು ಹೆದರಿಸಿದೆ.

ಹೋದ ವರ್ಷ, ೧೯೫೧ರ ಜನವರಿ, ಪುಷ್ಯಮಾಸ. ಆಯಕರದ ಸಾಹೇಬರು ಜೀಪಿನಲ್ಲಿ ಬಂದರು. ಸಣ್ಣ ವಯಸ್ಸು, ಬಿಗಿ ಮುಖ. ಮಂಚ ಎಣಿಸಿದರು, ಸೀಸೆ ಎಣಿಸಿದರು, ಅನುಮಾನದಿಂದಲೇ ಬರೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ನೀನು ಬಂದು ನಿಂತೆ.

ರಸ್ತೆಯ ಮೇಲೆ ನಾನು ನಿಲ್ಲಿಸಿದ್ದ ದವಾಖಾನೆ ಬೋರ್ಡಿನ ಕೆಂಪು ಗುರುತು ನೋಡಿ ನೀನು ಬಂದಿದ್ದೆ. ಕೌದಿಯಲ್ಲಿ ಸುತ್ತಿಕೊಂಡ ಮಗ, ನಿನ್ನ ತೀರಿಹೋದ ಅಪ್ಪನ, ನನ್ನ ಗೆಳೆಯ ಸೂರ್ಯಕಾಂತನ ಹೆಸರು ಇಟ್ಟುಕೊಂಡ ಒಂದೂವರೆ ವರ್ಷದ ಮಗ. ನನ್ನನ್ನು ಕಂಡದ್ದೇ ನಿನ್ನ ಮುಖ ಅರಳಿತು. "ಕಾಕಾ, ನೀ ಇದ್ದಿ, ಛಲೋ ಆತು. ಎರಡು ದಿನ ಆತು ಕಣ್ಣ ಬಿಡವಲ್ಲ" ಎಂದೆ. ನನ್ನ ಮಾತನ್ನು ಊರೆಲ್ಲ ಅರ್ಧ ಅಳೆದು ಸುರಿದು ನಂಬುತ್ತದೆ. ನೀನೊಬ್ಬಳು ಇಡಿಯಾಗಿ ನಂಬಿದೆ.

ನಾನು ಬರಿಯ ನೆಗಡಿ ಎಂದುಕೊಂಡೆ. ಚಳಿಗಾಲ, ಮಕ್ಕಳಿಗೆ ಬರುವಂಥದೇ ಎಂದುಕೊಂಡೆ. ಬೆಲ್ಲದ ನೀರಿನಿಂದ ಕೆಟ್ಟದ್ದೇನೂ ಆಗದು, ಸಾಹೇಬರು ಹೋಗಲಿ, ಸಂಜೆ ನಿನಗೆ ಖರೆ ಹೇಳಿದರಾಯಿತು ಎಂದುಕೊಂಡೆ. ಜಹಾಂಗೀರ್ ಲಾಳಿಕೆ ಹಚ್ಚಿ ನೋಡಿದ. ನಾನು ಸೀಸೆಗೆ ಗುಟುಕಿನ ಅಳತೆ ತೋರಿಸುವ ಹಲ್ಲು ಕತ್ತರಿಸಿದ ಚೀಟಿ ಅಂಟಿಸಿ, ಸಾಹೇಬರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: "ದಿನಕ್ಕ ಮೂರು ಗುಟುಕು ತಂಗಿ. ಒಂದೂ ತಪ್ಪಿಸಬ್ಯಾಡ, ತಪ್ಪಿಸಿದ್ರ ನಾವು ಜವಾಬ್ದಾರ ಅಲ್ಲ."

ಈ ಮಾತು ನಿನ್ನ ಕೊರಳಿಗೆ ಉರುಲಾದೀತೆಂದು ನನಗೆ ಹೊಳೆಯಲಿಲ್ಲ. ಸಾಹೇಬರಿಗೆ ಚೆನ್ನಾಗಿ ಹೇಳಿದೆನೆಂದು ಹಿಗ್ಗಿದೆ. ಸಾಹೇಬರ ಮುಖವೂ ಸಡಿಲಾಯಿತು. ಅಷ್ಟು ಮಂಚಗಳಲ್ಲಿ ಅವರು ನಂಬಿದ್ದು ನಿನ್ನೊಬ್ಬಳನ್ನೇ. ಇಪ್ಪತ್ತೆಂಟು ಸಾವಿರ ಮಾಫಿಯಾಯಿತು. ಸಂಜೆ ಲಾರಿಯಲ್ಲಿ ಮಂಚ ಏರಿದವು, ಬೋರ್ಡು ಏರಿತು, ರೋಗಿಗಳು ಏರಿದರು, ನಾನೂ ಏರಿದೆ. ನಿಮ್ಮ ತೋಟಕ್ಕೆ ಬರಲಿಲ್ಲ. ಡಾಕ್ಟರಿಗೆ ಬದಲಿಯಾಯಿತು ಎಂದು ಊರಲ್ಲಿ ಸುದ್ದಿ ಬಿಡಿಸಿದೆ.

ಮೂರನೆಯ ದಿನ ಕೂಸು ಹೋಯಿತು. ನಾನು ಮಣ್ಣು ಕೊಡಲು ಬಂದೆ. ಸಂಜೆ ಕಣ್ಣು ಹತ್ತಿ ಮೂರನೇ ಗುಟುಕು ತಪ್ಪಿತೆಂದು ನೀನು ಎದೆ ಬಡಿದುಕೊಳ್ಳುವುದನ್ನು ಅಂದೇ ಕೇಳಿದೆ. ಅಂದೇ ಹೇಳಬಹುದಿತ್ತು. ಬಾಯಿ ಒಣಗಿತ್ತು ಎಂದರೆ ಸುಳ್ಳಾದೀತು. ಲೆಕ್ಕ ಹಾಕುತ್ತಿದ್ದೆ: ಹೇಳಿದರೆ ಕಂಪನಿ ಸಿಕ್ಕಿಬೀಳುತ್ತದೆ, ನನ್ನ ಸಹಿ ಸಿಕ್ಕಿಬೀಳುತ್ತದೆ. ಎರಡು ವರ್ಷ ಬರುತ್ತ ಬಂತು, ಅದೇ ಲೆಕ್ಕ ಹಾಕುತ್ತ ಉಳಿದೆ. ಈ ನಡುವೆ ಸರ್ಕಾರಿ ದವಾಖಾನೆ ಕೇಳಿ ನಿಮ್ಮ ಊರಿನವರು ಕೊಟ್ಟ ಅರ್ಜಿ ತಿರುಗಿ ಬಂತು. ಕಮಲಾಪುರದಲ್ಲಿ ಕಂಪನಿಯ ದವಾಖಾನೆ ಉಂಟೆಂದು ಅದರ ಮೇಲೆ ಬರೆದಿತ್ತು. ಅದನ್ನು ನನಗೆ ತೋರಿಸಿ ಏನರ್ಥ ಎಂದು ನೀವೇ ಕೇಳಿದ್ದಿರಿ ಮಾಸ್ತರ. ಕಚೇರಿಯವರ ತಪ್ಪು ಎಂದು ಹೇಳಿ ಕಳಿಸಿದೆ.

ಇಂದು ಮುಂಜಾನೆ ಆಯಕರದ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದು ಸಹಿ ಮಾಡಿ ಬಂದೆ. ಅಲ್ಲಿಂದ ನೇರ ಹಣಮಂತರಾಯರಲ್ಲಿಗೆ ಹೋಗಿ ಹೇಳಿದೆ. "ಮುಪ್ಪಿನ್ಯಾಗ ಬುದ್ಧಿ ಬಂತೇನು ದತ್ತಪ್ಪ? ಕರ ಕಟ್ಟಬೇಕಾದ್ರ ಕಮಲಾಪುರದ ಜಿನ್ನಿನ ಶೆಡ್ ಮುಚ್ತೇನಿ. ಆ ಮಂದಿ ನಿನ್ನ ಮನಿ ಮುಂದ ಬಂದು ಕುಂಡ್ರಲಿ" ಎಂದರು. ಬಾಗಿಲ ಹೊರಗೆ ನಿಂತು ಇದನ್ನು ಕೇಳುತ್ತಿರುವವರಲ್ಲಿ ಶೆಡ್ಡಿಗೆ ಹೋಗುವವರೂ ಇದ್ದೀರಿ. ಬೈಯಿರಿ. ಆದರೆ ಎರಡು ಲಕ್ಷ ಲಾಭ ಬಂದ ವರ್ಷವೂ ಅವರು ನಿಮ್ಮ ಕೂಲಿ ಒಂದಾಣೆ ಏರಿಸಲಿಲ್ಲ. ಆ ಲೆಕ್ಕ ಬರೆದವನು ನಾನೇ, ನನಗೆ ಗೊತ್ತು. ಕಂಪನಿ ಕರ ಕಟ್ಟಿದ್ದರೆ ಸರ್ಕಾರ ಅದರಿಂದ ನಿಮಗೆ ದವಾಖಾನೆ ಕಟ್ಟುತ್ತಿತ್ತೇ? ಆಣೆ ಮಾಡಿ ಹೇಳಲಾರೆ. ಸರ್ಕಾರದಲ್ಲೂ ನನ್ನಂಥವರು ಇರುತ್ತಾರೆ. ಆದರೆ ಕೇಳಲು ನಿಮಗೊಂದು ಹಕ್ಕಾದರೂ ಇರುತ್ತಿತ್ತು. ಅಂದು ಕರೀಂಸಾಬನ ಪ್ರಶ್ನೆಗೆ ನಾನು ನಗೆ ಕೊಟ್ಟೆ. ಉತ್ತರ ಇಷ್ಟೇ ಇತ್ತು: ಗಳಿಸಿದವರು ಕೊಡಬೇಕು.

ಹಣಮಮ್ಮ ತಾಯಿ, ನಿಮ್ಮ ಸೊಸೆಯನ್ನು ಎರಡು ವರ್ಷ ಅಂದದ್ದನ್ನೆಲ್ಲ ಇನ್ನು ನನ್ನ ಹೆಸರಿಗೆ ಹಚ್ಚಿ ಅನ್ನಿರಿ. ಬಂಡೆಮ್ಮ, ಬರುವ ಕೂಸನ್ನು ಭಾಗಮ್ಮಗೆ ಕೊಡಬೇಡ. ನೀನು ಎರಡು ದಿನ ಕಣ್ಣು ಮುಚ್ಚದೆ ಕೂತ ತಾಯಿ. ಮೂರನೆಯ ದಿನ ಕಣ್ಣು ಹತ್ತಿದ್ದು ಪಾಪವಲ್ಲ, ಮೈಯ ಧರ್ಮ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀ ಎಂಬ ಹೆದರಿಕೆ. ಕೂಸು ನಿನ್ನ ಉಡಿಯಲ್ಲೇ ಇರುತ್ತದೆ ಎಂದು ಮಾಸ್ತರರಿಂದ ಒಂದು ಸಾಲು ಬರೆಸು, ಅಷ್ಟೇ ಸಾಕು.

ಕಾಕಾ ಎಂದು ಕರೆಯಬೇಕೋ ಬೇಡವೋ ನೀನೇ ನೋಡು,
ದತ್ತಪ್ಪ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆ ಅಂಟಿಸಿ ಅಂಚೆ ಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದು ಒಡೆದಿದ್ದೇನೆ. ಮಾಸ್ತರ, ಇದನ್ನೂ ಓದಿ. ಬರಿಯ ನೆಗಡಿ ಎಂದುಕೊಂಡೆ ಎಂದು ಮೇಲೆ ಬರೆದಿರುವುದು ಸುಳ್ಳು. ಕೂಸಿನ ಹಣೆ ಮುಟ್ಟಿದ್ದೆ, ಕೈ ಸುಟ್ಟಿತ್ತು. ಜಹಾಂಗೀರ್ ನನ್ನ ಕಿವಿಯಲ್ಲಿ "ಚಚಾ, ಬಚ್ಚೇಕು ಭೋತ್ ಬುಖಾರ್ ಹೈ, ನಾಟಕ್ ಬಸ್ ಕರೋ" ಎಂದಿದ್ದ, ಕೂಸಿಗೆ ಭಾರಿ ಜ್ವರ, ನಾಟಕ ಸಾಕು ಮಾಡು ಎಂದು. ನೀನು ಆಚೆ ಬೆಂಚಿನ ಮೇಲೆ ಮೊದಲ ಗುಟುಕು ಹಾಕುತ್ತಿದ್ದೆ. ಸಾಹೇಬರು ಹೊರಡುವಾಗ ನಿನ್ನ ಕಡೆ ನೋಡಿ, ಕೂಸಿನ ಉಸಿರು ಸರಿಯಿಲ್ಲ, ನನ್ನ ಜೀಪಿನ ಹಿಂದಿನ ಸೀಟು ಖಾಲಿ ಇದೆ, ಕಲಬುರ್ಗಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಲೇ ಎಂದು ನನ್ನನ್ನು ಕೇಳಿದರು. "ಜರೂರತ್ ನೈ ಸಾಬ್, ನಮ್ಮ ದವಾಖಾನಿ ಇರೋದು ಯಾತಕ್ಕ?" ಎಂದು ನಾನೇ ಕೈ ಮುಗಿದೆ. ಆ ಸೀಟಿನ ಮೇಲೆ ಕಂಪನಿಯ ಕಾಣಿಕೆಯೆಂದು ಕೆಂಪು ಬಾಳೆಯ ಗೊನೆ ಇಡಿಸಿ, ದಾರಿಯಲ್ಲಿ ಜಜ್ಜಬಾರದೆಂದು ಕೆಳಗೆ ಹುಲ್ಲು ಹಾಸಿಸಿದೆ.