ಎಮ್ಮೆಯ ಪ್ರಶ್ನೆ ಬಿಟ್ಟುಹೋದ ಪಾಠ

ಆಳಂದ
ಭಾನುವಾರ, 18 ಜನವರಿ 2026

ನನ್ನ ಮುದ್ದು ಆಯಿಗೆ,

ನಿನ್ನ ಹೊಸ ಮದುಮಗಳಿಂದ ಒಂದು ಲಾರಿ ತುಂಬ ಪ್ರೀತಿ!

ಪತ್ರ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಹೋದರೆ ಎರಡನೇ ವಾಕ್ಯಕ್ಕೇ ನೀನು "ಅದಕ್ಕೇ ಅಂದಿದ್ದೆ ನಾ" ಅನ್ನುತ್ತಿ. ನಾನು ಹೇಳಬೇಕಾದದ್ದು ಮರೆತು ಅಳಲು ಶುರು ಮಾಡುತ್ತೇನೆ. ಪತ್ರದಲ್ಲಾದರೆ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ! ಇನ್ನೊಂದು ಕಾರಣವೂ ಇದೆ. ಫಯಾಜ ಸರ್ ಬಗ್ಗೆ ಹೇಳಿದ್ದೆನಲ್ಲ, ಸುತ್ತಲಿನ ಸರ್ಕಾರಿ ಶಾಲೆಗಳಿಗೆಲ್ಲ ತಿರುಗಿ ಶಿಕ್ಷಕರಿಗೆ ನೆರವಾಗುವ ನಮ್ಮ ಸಿಆರ್‌ಪಿ. ನನ್ನ ಕನ್ನಡ ನೋಡಿ ಅವರು, "ಮೇಡಮ್ಮೋರೆ, ದಿನಾ ಒಂದು ಪುಟ ಬರೀರಿ, ಕೈ ಹಗುರಾಗತದ" ಎಂದಿದ್ದರು. ಇಂದಿನ ಪುಟ ನಿನಗೆ. ಒಂದೇ ಪುಟಕ್ಕೆ ಮುಗಿಯುವ ಲಕ್ಷಣವಿಲ್ಲ.

ಮೊದಲು ನಿನ್ನ ಅಳಿಯನ ಸಮಾಚಾರ. ಆಯಿ, ಅತುಲನಷ್ಟು ಒಳ್ಳೆಯವರು ಬ್ಯಾಂಕಿನಲ್ಲಿ ಹೇಗೆ ಇರುತ್ತಾರೋ! ಕಳೆದ ವಾರವೆಲ್ಲ ಸಂಜೆ ಬಂದ ಕೂಡಲೇ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಕೂತು ನಾಲ್ಕನೇ ತರಗತಿಯ ಹುಡುಗನಾಗುತ್ತಿದ್ದ. ನಾನು ಒಲೆಯ ಮುಂದೆ ನಿಂತು ಪ್ರಶ್ನೆ ಕೇಳುವುದು, ಅವನು ಕೈ ಎತ್ತಿ ಉತ್ತರ ಹೇಳುವುದು. ತಪ್ಪು ಹೇಳಿದರೆ ಚಹಾ ಇಲ್ಲ. ಬೇಕೆಂದೇ ತಪ್ಪು ಹೇಳಿ ಚಹಾ ಬಿಟ್ಟು ಕಾಫಿ ಕೇಳುತ್ತಿದ್ದ, ಕಳ್ಳ!

ಈ ನಾಟಕವೆಲ್ಲ ಯಾಕೆಂದರೆ, ನಿನ್ನೆ ನಮ್ಮ ಮಟಕಿ ಶಾಲೆಯಲ್ಲಿ ಕ್ಲಸ್ಟರ್ ಸಭೆ ಇತ್ತು. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಒಂದೊಂದು ಸಲ ಒಂದೊಂದು ಶಾಲೆಯಲ್ಲಿ ಸೇರುತ್ತಾರೆ. ಆ ಶಾಲೆಯವರೊಬ್ಬರು ತಮ್ಮ ಮಕ್ಕಳಿಗೆ ಎಲ್ಲರೆದುರು ಪಾಠ ಮಾಡಬೇಕು, ಆಮೇಲೆ ಉಳಿದವರು ಅದರ ಬಗ್ಗೆ ಮಾತಾಡಬೇಕು. ಈ ಸಲ ಹೊಸಬಳಾದ ನನ್ನ ಪಾಳಿ.

ನಿನಗೆ ಇಲ್ಲಿಯವರೆಗೆ ಹೇಳದ ಒಂದು ಮಾತಿದೆ. ಕೆಲಸಕ್ಕೆ ಸೇರಿದ ಮೇಲೆ ನನ್ನ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುತ್ತಲೇ ಇರಲಿಲ್ಲ. ಮೊದಲ ದಿನ ಸಂತೆಯ ಹಾಗೆ ಗದ್ದಲವಿತ್ತು. ನಾನು ನಕ್ಕೋತ, ಮುದ್ದು ಮಾಡುತ್ತ, ಒಂದೊಂದು ಮಾತನ್ನೂ ತಿದ್ದಿದೆ. ಎಮ್ಮಿ ಅಲ್ಲ ಪುಟ್ಟಾ, ಎಮ್ಮೆ. ಬರಾಕತ್ತಾನ ಅಲ್ಲ, ಬರುತ್ತಿದ್ದಾನೆ. ನಮ್ಮ ಕಾನ್ವೆಂಟಿನಲ್ಲಿ ಮಿಸ್ ನಮ್ಮ ಇಂಗ್ಲಿಷ್ ತಿದ್ದುತ್ತಿದ್ದರಲ್ಲ, ಹಾಗೆಯೇ. ಎರಡನೇ ವಾರಕ್ಕೆ ತರಗತಿ ತಣ್ಣಗಾಯಿತು. ನೀನು ಫೋನಿನಲ್ಲಿ "ಮಕ್ಕಳು ಹ್ಯಾಂಗ ಅವ?" ಎಂದಾಗಲೆಲ್ಲ "ಭಾಳ ಶಾಂತ ಅವ" ಎನ್ನುತ್ತಿದ್ದೆ. ಸುಳ್ಳಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದರು. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ ಆಯಿ, ನನಗೆ ಈ ಕೆಲಸ ಬರುವುದೇ ಇಲ್ಲ ಎಂದು.

ಕಲಬುರಗಿಯ ಆ ಹೊಸ ಇಂಗ್ಲಿಷ್ ಶಾಲೆಯ ಬಗ್ಗೆ ನೀನು ದಿನವೂ ಹೇಳುತ್ತಿದ್ದೆಯಲ್ಲ, "ಒಮ್ಮೆ ಹೋಗಿ ಮುಖ ತೋರಿಸಿ ಬಾ" ಎಂದು. ನಾನು ಒಳಗೊಳಗೇ ನಿಶ್ಚಯಿಸಿದ್ದೆ. ಶನಿವಾರದ ಪಾಠ ಚೆನ್ನಾಗಿ ಆದರೆ ಮಟಕಿ. ಕೆಟ್ಟರೆ ಸರ್ಕಾರಿ ಕೆಲಸಕ್ಕೆ ಕೈ ಮುಗಿದು ಕಲಬುರಗಿ.

ಹಾಗಾಗಿ ಯಾವ ಅಪಾಯಕ್ಕೂ ಜಾಗ ಬಿಡಲಿಲ್ಲ. ಪ್ರಶ್ನೆಗಳನ್ನೂ ಉತ್ತರಗಳನ್ನೂ ಮೊದಲೇ ಜೋಡಿಸಿ, ಯಾವುದಕ್ಕೆ ಯಾರು ಏಳಬೇಕೆಂದು ಸಾಲಾಗಿ ಕೂರಿಸಿ, ವಾರವಿಡೀ ಬಾಯಿಪಾಠ ಮಾಡಿಸಿದೆ. ಮದುವೆಯ ಮೆರವಣಿಗೆಯೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ! ಪ್ರಾಣಿಗಳ ಚಿತ್ರಗಳಿಗೆ ಜರಿಯ ಅಂಚು ಬೇರೆ ಅಂಟಿಸಿದ್ದೆ. ಅಫಜಲಪುರದಿಂದ ಅತ್ತೆ ಎಲ್ಲರಿಗೂ ಸಾಲುವಷ್ಟು ಶೇಂಗಾ ಹೋಳಿಗೆ ಕಳಿಸಿದ್ದರು.

ಶಿಕ್ಷಕರೆಲ್ಲ ಗೋಡೆಗುಂಟ ಕೂತರು. ನಾನು ಸೀಮೆಸುಣ್ಣ ಎತ್ತಿಕೊಂಡೆ, ಬಳೆಗಳ ಸದ್ದು ಇಡೀ ಕೋಣೆಗೆ ಕೇಳಿಸಿತು. ಬೆಳಿಗ್ಗೆ ಕೂಗಿ ಎಬ್ಬಿಸುವುದು ಯಾವುದು ಎಂದೆ. ಮೊದಲ ಹುಡುಗಿ ಎದ್ದು "ಹುಂಜ" ಎಂದಳು. ಸರಿ. ಮನೆ ಕಾಯುವ ಪ್ರಾಣಿ ಯಾವುದು ಎಂದೆ. ಎರಡನೆಯವನು ಎದ್ದು ಗಟ್ಟಿಯಾಗಿ "ಎಮ್ಮೆ" ಎಂದ. ಯಾರೋ ಕೆಮ್ಮಿದರು. ನನಗೆ ಏನೂ ತಿಳಿಯಲಿಲ್ಲ, ಮುಂದೆ ಹೋದೆ. ನಮಗೆ ಅಕ್ಷರ ಕಲಿಸುವವರು ಯಾರು ಎಂದೆ. ಪರಮೇಶ ಎಂಬ ಹುಡುಗ ಸಿಪಾಯಿಯ ಹಾಗೆ ನೆಟ್ಟಗೆ ಎದ್ದುನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ನಾಯಿ."

ಆಯಿ, ನಾನು ಅಲ್ಲಿಗೇ ನಿಲ್ಲಿಸಿದೆನೇ? ಇಲ್ಲ! ಬಾಯಿ ತಾನೇ ಮುಂದಿನ ಪ್ರಶ್ನೆ ಕೇಳಿಬಿಟ್ಟಿತು, ಹೊಲ ಉಳುವವರು ಯಾರು ಎಂದು. "ಗುರುಗಳು" ಎಂದು ನಾಲ್ಕನೆಯವಳು ಕೈಮುಗಿದಳು.

ಕೋಣೆಯೇ ಹಾರಿಹೋಗುವಂಥ ನಗು. ಸರಸಂಬಾ ಶಾಲೆಯ ಖಾದರಸಾಬ ಮಾಸ್ತರರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಆಗ ಹಿಂದಿನಿಂದ ಶಿವಗಂಗಾ, ಸೇರಿದಾಗಿನಿಂದ ನಾನು ಧ್ವನಿಯನ್ನೇ ಕೇಳದಿದ್ದ ಹುಡುಗಿ, ಎದ್ದು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಟೀಚರ್ರೀ, ನೀವು ಎಮ್ಮಿ ಪ್ರಶ್ನಿ ಬಿಟ್ಟೀರಿ! ಎಲ್ಲಾ ಕೆಡಿಸಿಬಿಟ್ರಿ ನೋಡ್ರಿ!"

"ನಂದೇನ್ ತಪ್ಪಿಲ್ರಿ," ಎಂದ ಪರಮೇಶ. "ನನ್ನ ಪಾಳಿ ಬಂತು, ನಾ ನಾಯಿ ಅಂದೆ."

ಹೌದು, ಹಾಲು ಕೊಡುವ ಪ್ರಾಣಿ ಯಾವುದು ಎಂಬುದನ್ನೇ ಗಾಬರಿಯಲ್ಲಿ ಬಿಟ್ಟಿದ್ದೆ. ನನ್ನ ಗುಟ್ಟು ಎಲ್ಲರೆದುರು ಬಯಲಾಯಿತು. ಕಲಬುರಗಿಯೇ ಗತಿ ಅಂದುಕೊಂಡೆ. ಅಷ್ಟರಲ್ಲಿ ನಮ್ಮ ಶಾಲೆಯ ಕಸ್ತೂರಿಬಾಯಿ ಟೀಚರ್, ಈ ವರ್ಷ ನಿವೃತ್ತರಾಗುವವರು, ಕೂತಲ್ಲಿಂದಲೇ ಕೇಳಿದರು: "ಏನ್ಬೇ ಶಿವಗಂಗಾ, ನಿಮ್ಮನ್ಯಾಗ ಎಮ್ಮಿ ಅದನ?"

"ಅದರಿ. ಖರೆ ಹಾಲ ಕೊಡಲ್ರಿ. ಒದೀತದ. ನಮ್ಮವ್ವಗ ಅಷ್ಟೇ ಬಿಡ್ತದ."

"ನಮ್ಮೆಮ್ಮಿ ಫೋನಿನ್ಯಾಗ ಹಾಡು ಹಚ್ಚಿದ್ರ ಅಷ್ಟೇ ನಿಂದರ್ತದ್ರಿ," ಎಂದ ಇನ್ನೊಬ್ಬ.

"ಸುಳ್ಳ ಹೇಳ್ತಾನ್ರಿ ಇವ! ಅವರ ಫೋನಿಗಿ ಚಾರ್ಜೇ ಇರಲ್ಲ!"

ನಾನು ತಿದ್ದಲಿಲ್ಲ ಆಯಿ. ತಿದ್ದಲು ಉಸಿರೇ ಇರಲಿಲ್ಲ, ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರು. ಅವರು ಏನು ಹೇಳಿದರೋ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಇದು ಉಪಾಯವೆಂದಲ್ಲ, ಕೈಗೆ ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಬೋರ್ಡು ತುಂಬಿತು. ಆಗ ಪರಮೇಶ, ಪುಸ್ತಕ ತೆರೆದರೆ ಒಂದಕ್ಷರ ಓದದ ಪರಮೇಶ, ಎದ್ದುಬಂದು ಬೆರಳಿಟ್ಟು ಓದಿದ: "ನಮ್ಮ ಎಮ್ಮಿ ಒದೀತದ." ತಾನು ಓದಿದ್ದು ತನಗೇ ನಂಬಿಕೆ ಬರದೆ ಮತ್ತೊಮ್ಮೆ ಓದಿದ. ಆಮೇಲೆ ಎಲ್ಲರೂ ಬೋರ್ಡಿಗೆ ಮುಗಿಬಿದ್ದರು, ನನ್ನ ಸೀರೆಗೆಲ್ಲ ಸುಣ್ಣ!

ಊಟಕ್ಕೆ ಕೂತಾಗ ಬೈಗುಳಕ್ಕೆ ಕಾಯುತ್ತಿದ್ದೆ. ಫಯಾಜ ಸರ್ ಹೋಳಿಗೆ ಮುರಿಯುತ್ತ ಹೇಳಿದರು: "ಬಾಯಿಪಾಠ ಮಾಡಿಸೋದು ನಾವೆಲ್ಲಾ ಮಾಡೀವ್ರಿ. ನಿಮ್ಮಂಗ ಭರ್ಜರಿ ಸಿಕ್ಕಿಬಿದ್ದಿಲ್ಲ ಅಷ್ಟೇ. ಆ ಹುಡುಗ ಮಾಸ್ತರಗ ಎದುರಿಗೇ ನಾಯಿ ಅಂದ, ಉಳಿದವರು ಮನಸಿನ್ಯಾಗ ಅಂತಾರ." ಖಾದರಸಾಬ ಮಾಸ್ತರರು ತಕರಾರು ತೆಗೆದರು, ತಮಗೆ ನಾಯಿಗಿಂತ ಎತ್ತೇ ಸರಿಯೆಂದು. ಆಮೇಲೆ ಮಾತು ಬೋರ್ಡಿನ ಕಡೆ ತಿರುಗಿತು. ಮಕ್ಕಳ ಮನೆಮಾತಿನಿಂದ ಶುರುಮಾಡಿ ಪುಸ್ತಕದ ಭಾಷೆಗೆ ಮೆಲ್ಲಗೆ ಕರೆತರುವುದು ಹೇಗೆಂದು ಒಬ್ಬೊಬ್ಬರೂ ಹೇಳಿದರು. ಅದನ್ನೇ ಕಲಿಸುವ ಕಾರ್ಯಾಗಾರ ಬರುವ ತಿಂಗಳು ಆಳಂದದ ಸಂಪನ್ಮೂಲ ಕೇಂದ್ರದಲ್ಲಿದೆಯಂತೆ, ನಿಮ್ಮ ಜೇವರ್ಗಿಯಿಂದಲೂ ಶಿಕ್ಷಕರು ಬರುತ್ತಾರಂತೆ. ಫಯಾಜ ಸರ್ ನನ್ನ ಹೆಸರು ಹೇಳಿಯೂ ಆಯಿತು. ನಿಮ್ಮೂರಿನವರು ಸಿಕ್ಕರೆ ಅವರ ಕೈಯಲ್ಲಿ ಏನು ಕಳಿಸುತ್ತಿ ಹೇಳು, ಉಪ್ಪಿನಕಾಯಿ?

ಹೊರಡುವಾಗ ಕಸ್ತೂರಿಬಾಯಿ ಟೀಚರ್ "ಮೊದಲ ಸಂಕ್ರಾಂತಿ ಅದಬೇ ಹುಡುಗಿ, ಉಡಿ ಒಡ್ಡು" ಎಂದರು. ಶಿಕ್ಷಕಿಯರೆಲ್ಲ ಸುತ್ತ ನಿಂತು ಕುಂಕುಮ ಹಚ್ಚಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ಅವುಗಳ ಮೇಲೆ ಅವರು ತಮ್ಮ ಕೈಚೀಲದಿಂದ ಎಣಿಕೆ ಕಲಿಸುವ ಹುಣಸೆಬೀಜದ ಗಂಟು, ಅಂಚು ಸವೆದ ಅಕ್ಷರದ ಕಾರ್ಡುಗಳು, ಬಟ್ಟೆಯಲ್ಲಿ ಹೊಲಿದ ಒಂದು ಕೋತಿಬೊಂಬೆ ತೆಗೆದು ಹಾಕಿದರು. "ಕಪಾಟಿನ್ಯಾಗ ಕೀಲಿ ಹಾಕಿ ಇಡಬ್ಯಾಡ. ಹರೀಲಿ" ಎಂದರು. ಉಳಿದವರೂ ತಮ್ಮಲ್ಲಿದ್ದದ್ದು ಹಾಕಿದರು. ಆಯಿ, ಸೆರಗು ಭಾರವಾಗಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ, ನಮ್ಮ ಮದುವೆಯಲ್ಲಿಯೂ ಇಷ್ಟು ಅತ್ತಿರಲಿಲ್ಲ. ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು. ರಾತ್ರಿ ಕಲ್ಲಿನಂತೆ ನಿದ್ದೆ ಬಂತು.

ಪಾಠ ಕೆಟ್ಟಿತು. ನಾನು ಮಟಕಿಯಲ್ಲೇ ಇರುತ್ತೇನೆ. ಲೆಕ್ಕ ತಪ್ಪಿತೆಂದು ಗೊತ್ತು, ಬೈಯಬೇಡ.

ಅಪ್ಪನಿಗೆ ನಮಸ್ಕಾರ, ನಿನ್ನ ಮಂಡಿಗೆ ಎಣ್ಣೆ, ನಿನಗೆ ಮುತ್ತು.

ನಿನ್ನ ಹುಚ್ಚು ಮಗಳು,
ವೃಂದಾ

ತಾ.ಕ.: ಕಲಬುರಗಿಯ ಶಾಲೆಗೆ ಹೋಗಿ ಮುಖ ತೋರಿಸಿ ಬಾ ಎಂದು ಇನ್ನು ಹೇಳಬೇಡ. ಕಳೆದ ಸೋಮವಾರವೇ ಅರ್ಧ ದಿನ ರಜೆ ಹಾಕಿ ಹೋಗಿಬಂದಿದ್ದೆ. ಅತುಲನಿಗೆ ದರ್ಜಿಯ ಬಳಿ ಹೋಗುತ್ತೇನೆಂದು ಹೇಳಿದ್ದೆ. ನಿನ್ನೆ ಅವನಿಗೂ ನಿಜ ಹೇಳಿದೆ. ಅವರು ನನ್ನನ್ನು ಆರಿಸಿದ್ದರು ಆಯಿ, ಅಲ್ಲೇ, ಆಗಲೇ. ನಿನ್ನೆ ಉಡಿ ಕಟ್ಟಿಕೊಂಡೇ ಶಾಲೆಯ ಅಂಗಳದಿಂದ ಅವರಿಗೆ ಫೋನು ಮಾಡಿ ಬರುವುದಿಲ್ಲವೆಂದೆ. ಪ್ರಿನ್ಸಿಪಾಲರು ಚೆಂದದ ಇಂಗ್ಲಿಷಿನಲ್ಲಿ ಕಾರಣ ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಈಗ ಬರಾಕ ಆಗಂಗಿಲ್ರಿ ಮೇಡಂ. ನಮ್ಮ ಮಕ್ಕಳು ಮಾತಾಡಾಕತ್ತಾರ."