ದರೋಡೆಗೆ ಬೇಕಾದ ಐದನೆಯ ತಲೆ

೧೮ ಜೂನ್ ೨೦೨೫, ಬುಧವಾರ. ಜೇವರ್ಗಿ.

ಪೊಲೀಸರ ಲೆಕ್ಕದಲ್ಲಿ ನನ್ನ ಟೆಂಪೊ ಓಡಿಸುವ ದೇವಾನಂದ ಕೊಲೆಗಾರನಂತೆ! ಸಿಟ್ಟು ಇನ್ನೂ ಇಳಿದಿಲ್ಲ. ಹೋದ ಸುಗ್ಗಿಯಲ್ಲಿ ನಿಂಬರ್ಗಾದ ಗೋದಾಮಿನಿಂದ ತೊಗರಿ ಸಾಗಿಸಲು ನಾಲ್ವರು ಬಾಡಿಗೆ ಕೇಳಿದರು, ನಾನೇ ಒಪ್ಪಿ ಕಳಿಸಿದೆ. ಆ ದಿನಗಳಲ್ಲಿ ರಾತ್ರಿ ಬಾಡಿಗೆ ಹೊಸದೇನಲ್ಲ. ಅದು ಕಳವು ಎಂದು ನಮಗೇನು ಗೊತ್ತು? ಎದ್ದುಬಂದ ಕಾವಲುಗಾರನನ್ನು ಅವರು ಒಳಗೆ ಹೊಡೆದು ಕೊಂದಾಗ, ಇವನು ಹೊರಗೆ ಹೇರಿದ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದ.

ಆ ಹಗ್ಗವೇ ಇವನು ಕೈಜೋಡಿಸಿದ್ದಕ್ಕೆ ಪುರಾವೆಯಂತೆ. ನಮ್ಮ ಕಡೆ ಯಾವ ಡ್ರೈವರ್ ಬೇರೆಯವರು ಹಾಕಿದ ಗಂಟನ್ನು ನಂಬಿ ಗಾಡಿ ಬಿಡುತ್ತಾನೆ?

ವಕೀಲ ಸಿದ್ದಲಿಂಗ ಇವತ್ತು ಬಿಡಿಸಿ ಹೇಳಿದರು: "ನಾಕ್ ಮಂದಿ ಇದ್ರ ಸುಲಿಗಿ, ಐದಾದ್ರ ದರೋಡಿರಿ. ದರೋಡ್ಯಾಗ ಒಬ್ಬ ಕೊಂದ್ರೂ ಐದೂ ಮಂದಿಗಿ ಗಲ್ಲು, ಜೀವಾವಧಿ, ಇಲ್ಲಾ ಕಮ್ಮಿ ಅಂದ್ರ ಹತ್ತ್ ವರ್ಷ ಜೈಲು."

"ಅಂದ್ರ ತಲಿ ಕಮ್ಮಿ ಬಿತ್ತಂತ ನಮ್ಮ ಹುಡುಗನ್ನ ಸೇರಿಸ್ಯಾರ? ವ್ಯಾಪಾರದವ್ರು ನಾವೂ ಹಿಂಗ ಭರ್ತಿ ಮಾಡಂಗಿಲ್ರಿ!"

"ಅವಗ ಕಳುವಂತ ಗೊತ್ತಿರಲಿಲ್ಲ, ಹಗ್ಗ ಬಿಗಿಯೂದು ಡ್ರೈವರನ ಕೆಲಸ ಅಂತ ನೀವು ಸಾಕ್ಷಿ ಹೇಳ್ರಿ. ಆದ್ರ ಹುಷಾರ್ ಸಾವಕಾರ್ರ, ಬಾಡಿಗಿ ಮಾತಾಡಿದವ್ರು ನೀವು. ಪೊಲೀಸರ ಕಣ್ಣು ನಿಮ್ಮ ಮ್ಯಾಲೂ ಬೀಳ್ತದ."

ಬೀಳಲಿ. ನಾನೂ ಅದೇ ಸೀಟಿನಲ್ಲಿ ಕೂತು ಮೇಲೆ ಬಂದವನು. ಬಾಯಿಯಿಂದಲೇ ಬದುಕಿದವನು ಈಗ ಬಾಯಿ ಮುಚ್ಚಿಕೊಂಡರೆ ಸಾಬವ್ವನ ಮಗ ದೇವಾನಂದ ಒಳಗೇ ಕೊಳೆಯುತ್ತಾನೆ. ನಾಳೆ ಹೋಗಿ ಸಾಕ್ಷಿಗೆ ಹೆಸರು ಕೊಡುತ್ತೇನೆ.

ಹೆಂಡತಿಗೆ ಇನ್ನೂ ಹೇಳಿಲ್ಲ. ಮೊದಲು ಅವಳ ಪಾಟೀಸವಾಲು ದಾಟಬೇಕು, ಆಮೇಲೆ ಸರ್ಕಾರಿ ವಕೀಲರದು…