ಟವಲಿನ ಕೆಳಗಿನ ಬೆರಳು

ಚನ್ನಪಟ್ಟಣ
13-10-2025, ಸೋಮವಾರ

ಮುದ್ದಿನ ಮೊಮ್ಮಗಳು ನವ್ಯಶ್ರೀಗೆ ತಾತ ಹನುಮಂತಯ್ಯ ಮಾಡುವ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ ತಾಯಿ? ಕಲಬುರಗಿಯ ಆಸ್ಪತ್ರೆ ಕೆಲಸ ಹಿಡಿಸಿತೇ? ಜೋಳದ ರೊಟ್ಟಿ ಒಗ್ಗಿದೆ ಎಂದು ನಿನ್ನಮ್ಮನಿಗೆ ಹೇಳಿದೆಯಂತೆ, ನಾನು ನಂಬಲಿಲ್ಲ. ನನ್ನ ಮಂಡಿನೋವು ಹೇಗಿತ್ತೋ ಹಾಗೇ ಇದೆ. ಮುದ್ದೆ ಮಾತ್ರ ಸಲೀಸಾಗಿ ಎರಡು ಇಳಿಯುತ್ತದೆ, ಚಿಂತೆ ಮಾಡಬೇಡ.

ನೀನು ಹೋಗುವಾಗ ಬೊಂಬೆ ಇಟ್ಟು ಬಾಯಲ್ಲೇ ಕತೆ ಕಟ್ಟುವ ನಿಮ್ಮ ಭಾನುವಾರದ ಮಹಾವೀರರ ಆಟದ ನೋಟ್‌ಬುಕ್ಕು, ದಾಳ ಎಲ್ಲ ನನ್ನ ಕೈಗಿಟ್ಟು, ‘ನೀನು ಕತೆ ನಡೆಸ್ಕೊಂಡು ಹೋಗು ತಾತ, ಅವರವರ ವೀರರನ್ನ ಅವರವರೇ ಆಡಿಸ್ಕೋತಾರೆ’ ಅಂದೆ. ಆಡುವವರು ಇಬ್ಬರೇ ಅಲ್ಲವೇ, ಏನು ಮಹಾ ಎಂದು ಒಪ್ಪಿಕೊಂಡೆ. ನಿನ್ನ ತಮ್ಮ ದೀಪುವಿನ ವೀರ ಬಂಡೆರಾಯ, ಪಕ್ಕದ ಮನೆ ಕೆಹಕಶಾನಳ ಗಾಳಿರಾಣಿ. ಆ ಮರದ ಬೊಂಬೆಗಳನ್ನು ಅವಳ ಅಜ್ಜ ಇಮಾಮ್ ಸಾಬ್ ಎಷ್ಟು ಅಂದವಾಗಿ ಕಡೆದುಕೊಟ್ಟಿದ್ದಾರೆ! ಆದರೆ ನೀನು ನಿನ್ನ ಬೊಂಬೆ ಮಿಂಚುಳ್ಳಿಯನ್ನು ಸೇತುವೆ ಕೆಳಗೆ ಕಟ್ಟಿಹಾಕಿಸಿ ಹೋದೆಯಲ್ಲ, ರಗಳೆ ಶುರುವಾಗಿದ್ದು ಅಲ್ಲೇ. ನಾನು ಆಡಿಸಬೇಕಾದ ರಾಕ್ಷಸ ಲೋಹಾಸುರ ಕೈ ಎತ್ತಿದರೆ ಸೇತುವೆ ಅದರ ಮೇಲೆ ಬೀಳುತ್ತದೆ. ‘ಅವನು ಕೈ ಎತ್ತಿದ ತಕ್ಷಣ ಹೊಡಿತೀನಿ ಅಂತ ಮೊದ್ಲೇ ಹೇಳಿ ಕಾಯ್ತಾ ಇದ್ದೆ, ಏಟು ನಂದೇ’ ಎಂದು ದೀಪು. ‘ಅವನ ಕೈ ಏಳೋಕ್ ಮುಂಚೆ ನಾನು ಮಿಂಚುಳ್ಳೀನ ಎತ್ಕೊಂಡು ಹೋಗಿರ್ತೀನಿ ಕಣೋ, ನೀನು ನಾನ್ ಹೇಳಿದ್ದು ಕೇಳಿ ಮಾತು ಬದಲಾಯಿಸ್ದೆ’ ಎಂದು ಅವಳು. ಯಾರದು ಮೊದಲು? ನಿನ್ನ ನೋಟ್‌ಬುಕ್ಕಿನಲ್ಲಿ ಹುಡುಕಿ ಹುಡುಕಿ ಕನ್ನಡಕ ಮಂಜಾಯಿತು. ಕೊನೆಗೆ ದೀಪು ‘ನೀನ್ ಇಲ್ದಿದ್ರೂ ಆಟ ನಡೀತೈತೆ’ ಅಂದುಬಿಟ್ಟ. ಆ ಹುಡುಗಿ ಬೊಂಬೆ ಎತ್ತಿಕೊಂಡು ಹೊರಟುಹೋಯಿತು. ಎರಡು ಭಾನುವಾರ ಬರಲಿಲ್ಲ. ಒಂದನೇ ಕ್ಲಾಸಿನಿಂದ ಜೊತೆಗೆ ಬೆಳೆದವರು! ದೀಪು ಹಾರೋಹಳ್ಳಿ ಫ್ಯಾಕ್ಟರಿ ಕೆಲಸ ಮುಗಿಸಿ ಬಂದವನು ಅವರ ಕಾಂಪೌಂಡ್ ಕಡೆಗೇ ಕಣ್ಣಿಟ್ಟು ಕೂರುತ್ತಿದ್ದ.

ಆಗ ನನ್ನ ಹಳೇ ಕಸುಬು ನೆನಪಾಯಿತು. ನಮ್ಮೂರು ಕಲ್ಯದಲ್ಲಿದ್ದಾಗ ನಲವತ್ತು ವರ್ಷ ದನದ ವ್ಯಾಪಾರ ಮಾಡಿದವನು ನಾನು. ಕೈ ಮೇಲೆ ಟವಲು ಹೊದಿಸಿ, ಬೆರಳು ಹಿಡಿದು ಬೆಲೆ ತಿಳಿಸುತ್ತಿದ್ದೆವು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುತ್ತಿರಲಿಲ್ಲ. ಒಬ್ಬರ ಮಾತು ಕೇಳಿ ಇನ್ನೊಬ್ಬರು ಬದಲಾಯಿಸುವುದೇ ತಾನೇ ಇಲ್ಲಿಯ ಜಗಳ? ನಿನ್ನೆ ನಾನೇ ಹೋಗಿ ಕೆಹಕಶಾನಳನ್ನು ಕರೆತಂದೆ. ಲೋಹಾಸುರ ಎಷ್ಟನೇ ಎಣಿಕೆಗೆ ಕೈ ಎತ್ತುತ್ತಾನೆ ಎಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡೆ. ಇಬ್ಬರನ್ನೂ ನನ್ನ ಆಚೆ ಈಚೆ ಕೂರಿಸಿ, ನನ್ನ ಒಂದೊಂದು ಕೈಗೆ ಒಂದೊಂದು ಟವಲು ಹೊದಿಸಿ, ಒಂದರಿಂದ ಐದರೊಳಗೆ ಎಷ್ಟನೇ ಎಣಿಕೆಗೆ ನುಗ್ಗುತ್ತೀರೋ ನನ್ನ ಅಷ್ಟು ಬೆರಳು ಇಬ್ಬರೂ ಒಟ್ಟಿಗೇ ಹಿಡಿಯಿರಿ ಎಂದೆ. ಹಿಡಿದರು. ಗಾಳಿರಾಣಿ ಎರಡು, ಲೋಹಾಸುರ ಮೂರು, ಬಂಡೆರಾಯ ನಾಲ್ಕು ಎಂದು ಸಾರಿದೆ. ನಿನ್ನ ಮಿಂಚುಳ್ಳಿ ಬದುಕಿತು, ಬಂಡೆರಾಯ ಆ ಲೋಹಾಸುರನನ್ನು ಸರಿಯಾಗಿ ಬಡಿದ. ದೀಪು ಒಂದು ಮಾತೂ ತಕರಾರು ಮಾಡಲಿಲ್ಲ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಚುರುಮುರಿ ತಿಂದರು. ನೋಡಿ ನನ್ನ ಜೀವ ತಣ್ಣಗಾಯಿತು.

ನಿನ್ನಮ್ಮ ಲತಾಮಣಿ ಹುರಿಹಿಟ್ಟು ಕಳಿಸುತ್ತಾಳಂತೆ. ಇಮಾಮ್ ಸಾಬರೂ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಸುಖವಾಗಿ ಬಾಳು ಮಗಳೇ.

ಇಂತಿ ನಿನ್ನ ತಾತ,
ಹನುಮಂತಯ್ಯ

ಮರೆತಿದ್ದೆ: ಇದನ್ನು ಫೋನಿನಲ್ಲಿ ಹೇಳೋಣವೆಂದರೆ ದೀಪು ಪಕ್ಕದಲ್ಲೇ ಇರುತ್ತಾನೆ, ಅದಕ್ಕೇ ಕಾಗದ. ನಿನ್ನೆ ಟವಲಿನ ಕೆಳಗೆ ಅವನು ಹಿಡಿದದ್ದು ಐದು ಬೆರಳು. ಅವಳು ಹಿಡಿದದ್ದೂ ಐದೇ. ಒಬ್ಬರಿಗೊಬ್ಬರು ನೀನೇ ಮೊದಲು ಹೋಗು ಎಂದು ಬಿಟ್ಟುಕೊಟ್ಟಿದ್ದರು. ಚೀಟಿಯಲ್ಲಿದ್ದದ್ದು ನಿಜಕ್ಕೂ ಮೂರು, ಅಂದರೆ ನಿನ್ನ ಮಿಂಚುಳ್ಳಿ ಸತ್ತಂತೆಯೇ. ನಲವತ್ತು ವರ್ಷ ಟವಲಿನ ಕೆಳಗೆ ಒಂದು ಸುಳ್ಳೂ ಹೇಳದವನು ನಿನ್ನೆ ಎರಡು ಹೇಳಿದೆ. ತಾತ ಬದಲಿಸಿದ್ದು ತನ್ನ ಎಣಿಕೆಯೊಂದನ್ನೇ ಎಂದುಕೊಂಡು, ಇನ್ನೊಬ್ಬರ ಬೆರಳು ಎಷ್ಟೆಂದು ತಿಳಿಯದೆ ಇಬ್ಬರೂ ನಗುತ್ತಿದ್ದಾರೆ. ಓದಿದ ಮೇಲೆ ಹರಿದುಹಾಕು.